ಓಡದವರು ನಡೆಸುವ ಓಟ

ನಾನಿರುವುದು ಫ್ರಾನ್ಸಿನ ತುಲೂಸ್‌ನಲ್ಲಿ, ಬಿಡುವಾದಾಗ ಓಡುತ್ತೇನೆ ಎಂದರೆ ಬೆಂಗಳೂರಿನ ಗೆಳೆಯರು ಮೊದಲು ಕೇಳುವುದು ಪ್ಯಾರಿಸ್ ಮ್ಯಾರಥಾನ್ ಬಗ್ಗೆ. ಆಮೇಲೆ ಆಲ್ಪ್ಸ್‌ನ ಶಾಮೊನಿಯಲ್ಲಿ ನಡೆಯುವ ಯುಟಿಎಂಬಿ ಎಂಬ ಬೆಟ್ಟದ ಓಟದ ಬಗ್ಗೆ. ಎರಡನ್ನೂ ನಾನು ಓಡಿಲ್ಲ. ಓಡಲೇಬೇಕು ಅನ್ನುವ ಹಂಬಲವೂ ಅಷ್ಟಾಗಿ ಇಲ್ಲ. ನನ್ನ ಓಟವೆಲ್ಲ ಅವೆರೋನ್, ತಾರ್ನ್, ಲೋಜೇರ್ ಜಿಲ್ಲೆಗಳ ಸಣ್ಣ ಊರುಗಳಲ್ಲಿ. ಆ ಊರುಗಳ ಹೆಸರು ಹೇಳಿದರೆ ನಮ್ಮ ಆಫೀಸಿನ ಫ್ರೆಂಚರೇ ಮೊಬೈಲ್ ತೆಗೆದು ಮ್ಯಾಪ್ ನೋಡುತ್ತಾರೆ.

ಈ ಓಟಗಳ ಸುದ್ದಿ ಸಿಗುವುದು ಬೇಕರಿಯ ಗಾಜಿಗೆ ಅಂಟಿಸಿದ ಪೋಸ್ಟರಿನಿಂದ. ಇಲ್ಲವೇ ಊರ ಹೊರಗಿನ ಸರ್ಕಲ್ಲಿನಲ್ಲಿ ಹಳೇ ಹಲಗೆಗೆ ಕೈಯಲ್ಲೇ ಬಣ್ಣ ಬಳಿದು ನಿಲ್ಲಿಸಿದ ಬೋರ್ಡಿನಿಂದ. ರಸ್ತೆ ಮೇಲೆ ಹತ್ತು ಕಿಲೋಮೀಟರ್, ಕಾಡುದಾರಿಯಲ್ಲಿ ಹದಿನೆಂಟೋ ಇಪ್ಪತ್ತೋ ಕಿಲೋಮೀಟರ್, ಮಕ್ಕಳಿಗೆ ಒಂದು, ನಡೆಯುವವರಿಗೆ ಒಂದು. ಕೆಳಗೆ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ, ಮಧ್ಯಾಹ್ನ ಊಟ ಇದೆ ಅಂತ.

ಇಂಥ ಓಟಗಳ ಹಿಂದೆ ಸುತ್ತಿ ಸುತ್ತಿ ನನಗೆ ಒಂದು ವಿಷಯ ಖಾತ್ರಿಯಾಗಿದೆ. ಓಡುವವರು ಹೇಗೂ ಬರುತ್ತಾರೆ. ಒಂದು ಹಳ್ಳಿ ಓಟ ಉಳಿಯುವುದು, ಅಳಿಯುವುದು ಓಡದ ಜನ ಆ ಭಾನುವಾರ ಎಷ್ಟು ಮಂದಿ ಸಿಗುತ್ತಾರೆ ಅನ್ನುವುದರಿಂದ.

ಫ್ರಾನ್ಸಿನಲ್ಲಿ ಸುಮಾರು 35 ಸಾವಿರ ಕಮ್ಯೂನ್‌ಗಳಿವೆ. ನಮ್ಮ ಗ್ರಾಮ ಪಂಚಾಯ್ತಿಯಷ್ಟೂ ದೊಡ್ಡವಲ್ಲ ಬಹಳಷ್ಟು. ಅರ್ಧಕ್ಕಿಂತ ಜಾಸ್ತಿ ಕಮ್ಯೂನ್‌ಗಳಲ್ಲಿ ಐನೂರು ಜನ ಕೂಡ ಇಲ್ಲ. ಆದರೂ ಪ್ರತಿಯೊಂದಕ್ಕೂ ಒಬ್ಬ ಮೇಯರ್. ಊರಿಗೊಂದು ಸಾಲ್ ದೆ ಫೆತ್ ಎಂಬ ಹಾಲ್ ಇರುವುದೂ ಸಾಮಾನ್ಯ. ಮದುವೆ, ಲೊಟ್ಟೊ ಆಟ, ಮುದುಕರ ಊಟ, ಮಕ್ಕಳ ನಾಟಕ ಎಲ್ಲ ಅಲ್ಲೇ. ಓಟದ ದಿನ ಬಿಬ್, ಅಂದರೆ ಎದೆಗೆ ಸಿಕ್ಕಿಸುವ ನಂಬರು, ಹಂಚುವುದೂ ಅಲ್ಲೇ.

ಓಟ ನಡೆಸುವುದು ಯಾವುದೋ ಕಂಪನಿ ಅಲ್ಲ, ಊರಿನ ಒಂದು ಸಂಘ. 1901ರ ಜುಲೈ 1ರಂದು ಬಂದ ಒಂದು ಕಾನೂನು ಇಲ್ಲಿ ಇಂದಿಗೂ ಎಲ್ಲರ ಬಾಯಲ್ಲಿದೆ. ಇಬ್ಬರು ಸೇರಿದರೆ ಸಂಘ ಕಟ್ಟಬಹುದು, ಬಂದ ಲಾಭವನ್ನು ತಮ್ಮತಮ್ಮಲ್ಲಿ ಹಂಚಿಕೊಳ್ಳಬಾರದು. ಇಷ್ಟೇ ಅದರ ತಿರುಳು. ಶಾಲೆಯ ಪೋಷಕರ ಸಂಘ, ಊರ ಹಬ್ಬದ ಸಮಿತಿ, ಅಗ್ನಿಶಾಮಕದವರ ಸಂಘ, ಯಾರು ಬೇಕಾದರೂ ಓಟ ನಡೆಸುತ್ತಾರೆ. ಉಳಿದ ದುಡ್ಡು ಮಕ್ಕಳ ಪ್ರವಾಸಕ್ಕೋ, ಚರ್ಚಿನ ಸೋರುವ ಚಾವಣಿಗೋ ಹೋಗುತ್ತದೆ. ಡಿಸೆಂಬರ್ ಮೊದಲ ವಾರದ ಓಟಗಳ ಹಣ ತೆಲೆತೋನ್‌ಗೆ. ಸ್ನಾಯು ರೋಗಗಳ ಸಂಶೋಧನೆಗೆ ಟಿವಿಯಲ್ಲಿ ದೇಣಿಗೆ ಎತ್ತುವ ಆ ಕಾರ್ಯಕ್ರಮ 1987ರಿಂದ ನಡೆದುಬಂದಿದೆ. ಇಡೀ ದೇಶದ ಹಳ್ಳಿಗಳು ಆ ವಾರ ಚಳಿಯಲ್ಲಿ ಏನಾದರೊಂದು ಮಾಡುತ್ತವೆ. ಓಡುವುದು ಅದರಲ್ಲಿ ಅಗ್ಗದ ದಾರಿ.

ಇದೆಲ್ಲ ಅಜ್ಜನ ಕಾಲದಿಂದ ಬಂದದ್ದು ಅಂತ ನಾನು ಅಂದುಕೊಂಡಿದ್ದೆ. ಹಾಗೇನಿಲ್ಲ. 1970ರ ಆಸುಪಾಸಿನವರೆಗೆ ಓಟ ಅಂದರೆ ಸ್ಟೇಡಿಯಂ, ಕ್ಲಬ್, ಅಥ್ಲೆಟಿಕ್ಸ್ ಫೆಡರೇಶನ್ನಿನ ಕಾರ್ಡು. ರಸ್ತೆಯಲ್ಲಿ ಚಡ್ಡಿ ಹಾಕಿಕೊಂಡು ಓಡುವವನನ್ನು ಜನ ನಿಂತು ನೋಡುತ್ತಿದ್ದರು. ಹೆಂಗಸರ ಪಾಡು ಇನ್ನೂ ವಿಚಿತ್ರ. ಒಲಿಂಪಿಕ್ಸಿನಲ್ಲಿ ಅವರಿಗೆ 1500 ಮೀಟರ್ ಓಡಲು ಬಿಟ್ಟದ್ದೇ 1972ರಲ್ಲಿ. ಮ್ಯಾರಥಾನಿಗೆ 1984ರವರೆಗೆ ಕಾಯಬೇಕಾಯಿತು.

ಆ 1972ರಲ್ಲೇ ಪಕ್ಕದ ಸ್ವಿಟ್ಜರ್ಲೆಂಡಿನಲ್ಲಿ ನೊಯೆಲ್ ತಮಿನಿ, ಈವ್ ಜಾನೊತಾ ಎಂಬಿಬ್ಬರು ಫ್ರೆಂಚಿನಲ್ಲಿ ಸ್ಪಿರಿಡೋನ್ ಎಂಬ ಪತ್ರಿಕೆ ತೆಗೆದರು. 1896ರ ಮೊದಲ ಒಲಿಂಪಿಕ್ ಮ್ಯಾರಥಾನ್ ಗೆದ್ದ ಗ್ರೀಕ್ ಓಟಗಾರನ ಹೆಸರು ಅದು. ಗಂಡಸು, ಹೆಂಗಸು, ಮುದುಕ, ನಿಧಾನದವ, ಯಾರು ಬೇಕಾದರೂ ಎಲ್ಲಿ ಬೇಕಾದರೂ ಓಡಬಹುದು ಅನ್ನುವುದೇ ಅವರ ಜಗಳ. ಗೆದ್ದರು ಅಂತಲೇ ಹೇಳಬೇಕು. ಇಂದಿಗೂ ಫ್ರಾನ್ಸಿನ ಎಷ್ಟೋ ಊರಿನ ಕ್ಲಬ್ಬುಗಳಿಗೆ ಸ್ಪಿರಿಡೋನ್ ಅಂತಲೇ ಹೆಸರು. ಫೆಡರೇಶನ್ನಿನ ಕಾಗದಗಳಲ್ಲಿ ಮಾತ್ರ ಈ ಓಟಗಳನ್ನು ಈಗಲೂ 'ಸ್ಟೇಡಿಯಂ ಹೊರಗಿನ ಓಟ' ಎಂದೇ ಕರೆಯುತ್ತಾರೆ. ಇಡೀ ದೇಶ ಹೊರಗೆ ಓಡುತ್ತಿದ್ದರೂ ಅವರ ಲೆಕ್ಕದಲ್ಲಿ ಸ್ಟೇಡಿಯಮ್ಮೇ ಮನೆ.

ಅದೇ ಗಾಳಿಯಲ್ಲಿ ಹುಟ್ಟಿದ್ದು ಅವೆರೋನ್‌ನ ಮಿಯೋ ಎಂಬ ಊರಿನ ನೂರು ಕಿಲೋಮೀಟರ್ ಓಟ. 1972ರಲ್ಲಿ ಸೆರ್ಜ್ ಕೊತ್ರೋ ಎಂಬ ಓಟಗಾರ ಶುರು ಮಾಡಿದ್ದು. ಫ್ರಾನ್ಸಿನ ನೂರು ಕಿಲೋಮೀಟರ್ ರಸ್ತೆ ಓಟಗಳಲ್ಲಿ ಇದೇ ಹಿರಿಯಣ್ಣ. ಸೆಪ್ಟೆಂಬರ್ ಕೊನೆಯ ಶನಿವಾರ ಬೆಳಿಗ್ಗೆ ಹತ್ತಕ್ಕೆ ಹೊರಡುತ್ತಾರೆ. ಮೊದಲು ತಾರ್ನ್ ನದಿಯ ಕಮರಿಯಲ್ಲಿ ಒಂದು ಸುತ್ತು, ಅದೇ ಮ್ಯಾರಥಾನ್ ದೂರ. ತಿರುಗಿ ಮಿಯೋಗೆ ಬಂದಾಗ ಕಾಲು ಸಾಕು ಎನ್ನುತ್ತಿರುತ್ತದೆ. ಆಗ ಊರು ದಾಟಿ ಸೇಂತ್-ಅಫ್ರಿಕ್‌ವರೆಗೆ ಹೋಗಿ ವಾಪಸು ಬರಬೇಕು. 2004ರ ಡಿಸೆಂಬರಿನಲ್ಲಿ ತೆರೆದ ಆ ಪ್ರಸಿದ್ಧ ಸೇತುವೆ ಗೊತ್ತಲ್ವಾ, ಕಂಬದ ತುದಿ 343 ಮೀಟರ್ ಎತ್ತರ ಇರುವುದು? ಅದರ ಬುಡದಲ್ಲೇ ದಾರಿ. ಮೇಲೆ ಕಾರುಗಳು ಸ್ಪೇನ್ ಕಡೆ ಹಾರುತ್ತಿರುತ್ತವೆ. ಕೆಳಗೆ ಜನ ಏರು ಹತ್ತಲಾರದೆ ನಡೆಯುತ್ತಿರುತ್ತಾರೆ.

ನಾನು ಅಲ್ಲಿಗೆ ಹೋದದ್ದು ಓಡುವುದಕ್ಕಲ್ಲ, ಸೈಕಲ್ ತುಳಿಯುವುದಕ್ಕೆ. ಪ್ರತಿ ಓಟಗಾರನ ಜೊತೆ ಒಬ್ಬರು ಸೈಕಲ್ಲಿನಲ್ಲಿ ಹೋಗಲು ಅಲ್ಲಿ ಅವಕಾಶ ಇದೆ. ನೀರು, ಜಾಕೆಟ್, ಒಣ ಕಾಲುಚೀಲ, ಜೊತೆಗೆ ಒಂದಿಷ್ಟು ಮಾತು, ಇದು ನಮ್ಮ ಕೆಲಸ. ಒಂದು ಹೊತ್ತಿನ ಮೇಲೆ ಮಾತೂ ಬೇಡವಾಗುತ್ತದೆ. ಕತ್ತಲಾದ ಮೇಲೆ ತಿಯೆರ್ಗ್ ಎಂಬ ಏರಿನಲ್ಲಿ ತಿರುಗಿ ನೋಡಿದರೆ ತಲೆದೀಪಗಳ ಸಾಲು. ಆ ಹೊತ್ತಿನಲ್ಲೂ ದಾರಿಯ ಒಂದೊಂದು ಹಳ್ಳಿಯಲ್ಲೂ ಟೇಬಲ್ ಹಾಕಿಕೊಂಡು ಜನ ಕೂತಿದ್ದರು. ಸೂಪ್ ಬಿಸಿ ಮಾಡಿ ಕೊಡುತ್ತಿದ್ದರು. ಮೊದಲನೆಯವನು ಮನೆ ಸೇರಿ ಮಲಗಿ ಎಷ್ಟೋ ಹೊತ್ತಾಗಿತ್ತು. ಇವರು ಇನ್ನೂ ಕೊನೆಯವರಿಗೆ ಕಾಯುತ್ತಿದ್ದರು. ನನ್ನ ಗೆಳೆಯ ಎಷ್ಟು ಗಂಟೆಗೆ ಮುಗಿಸಿದ ಅನ್ನುವುದು ನನಗೆ ಮರೆತಿದೆ. ಸೂಪ್ ಬಡಿಸಿದ ಹೆಂಗಸು ನಮ್ಮಿಬ್ಬರನ್ನೂ ಕೂರಲು ಬಿಡದೆ ಓಡಿಸಿದ್ದು ನೆನಪಿದೆ. "ಕೂತರೆ ಏಳಲ್ಲ ನೀನು, ನಡಿ ನಡಿ!"

ಮಿಯೋ ಓಟ ಹುಟ್ಟಿದ ಮರುವರ್ಷ, 1973ರಲ್ಲಿ ಶುರುವಾದದ್ದು ಮಾರ್ವೆಜೋಲ್‌ನಿಂದ ಮಾಂದ್‌ವರೆಗಿನ ಓಟ. ಲೋಜೇರ್ ಜಿಲ್ಲೆಯಲ್ಲಿ. ಯುರೋಪಿನ ಭಾಗದ ಫ್ರಾನ್ಸಿನಲ್ಲಿ ಅತಿ ಕಡಿಮೆ ಜನ ಇರುವ ಜಿಲ್ಲೆ ಅದು, ಎಲ್ಲ ಸೇರಿ 80 ಸಾವಿರವೂ ಇಲ್ಲ. ಹೆಸರಿಗೆ ಹಾಫ್ ಮ್ಯಾರಥಾನ್. ನಿಜಕ್ಕೆ 22 ಕಿಲೋಮೀಟರಿಗೂ ಜಾಸ್ತಿ, ನಡುವೆ ಗುದಾರ್, ಶಾಬ್ರಿ ಅಂತ ಎರಡು ದೊಡ್ಡ ಏರು, ಅದೂ ಜುಲೈ ಬಿಸಿಲಲ್ಲಿ. ದೂರವನ್ನು 21ಕ್ಕೆ ಸರಿ ಮಾಡಬಹುದಲ್ಲ ಅಂತ ಯಾರೋ ಹೊಸಬರು ಪ್ರತಿ ಸಲ ಕೇಳುತ್ತಾರೆ. ಎರಡು ಊರಿನ ನಡುವಿನ ರಸ್ತೆ ಇರುವುದೇ ಅಷ್ಟು, ಏನು ಮಾಡೋಣ? ಕೀನ್ಯಾದಿಂದ ಬಂದವರು ಮುಂದೆ ಹಾರಿ ಹೋಗುತ್ತಾರೆ. ಹಿಂದೆ ನಮ್ಮಂಥವರು. ರಜೆಗೆ ಬಂದವರು, ಊರಿನವರು ರಸ್ತೆ ಪಕ್ಕ ನಿಂತು ತೋಟದ ಪೈಪಿನಿಂದ ನಮ್ಮ ಮೇಲೆ ನೀರು ಹೊಡೆಯುತ್ತಾರೆ. ಆ ಪೈಪಿನವರಿಗೆ ನಾನು ಋಣಿ.

ಕಾಡುದಾರಿ ಓಟ, ಅಂದರೆ ಟ್ರೇಲ್, ದೊಡ್ಡದಾದದ್ದು ಆಮೇಲೆ. 1995ರಲ್ಲಿ ಲಾರ್ಜಾಕ್ ಪ್ರಸ್ಥಭೂಮಿಯ ತಪ್ಪಲಿನ ನಾಂ ಎಂಬ ಹಳ್ಳಿಯಲ್ಲಿ ತಾಂಪ್ಲಿಯೇ ಓಟ ಶುರುವಾಯಿತು. ಈಗ ಅದು ಅಕ್ಟೋಬರಿನಲ್ಲಿ ಮಿಯೋದಲ್ಲಿ ನಡೆಯುವ ದೊಡ್ಡ ಜಾತ್ರೆ. ಅದನ್ನು ನೋಡಿ ಒಂದೊಂದು ಕಣಿವೆಯವರೂ ತಮ್ಮದೊಂದು ಟ್ರೇಲ್ ಇರಲಿ ಅಂದುಕೊಂಡರು. ಈಗ ಟ್ರೇಲ್ ಇಲ್ಲದ ಗುಡ್ಡ ಹುಡುಕುವುದು ಕಷ್ಟ.

ಭಾನುವಾರದ ಓಟಕ್ಕೆ ಕೆಲಸ ಶುರುವಾಗುವುದು ಚಳಿಗಾಲದಲ್ಲಿ. ಇಲ್ಲಿನ ಹಳೇ ಕಾಲುದಾರಿಗಳು ಎರಡು ಕಲ್ಲುಗೋಡೆಗಳ ನಡುವೆ ಸಾಗುತ್ತವೆ. ಹಿಂದೆ ಹೇಸರಗತ್ತೆ, ಕುರಿಮಂದೆ ಓಡಾಡುತ್ತಿದ್ದ ದಾರಿ. ಊರಲ್ಲಿ ಜನ ಕಡಿಮೆಯಾದ ಹಾಗೆ ಮುಳ್ಳುಬಳ್ಳಿ ಮುಚ್ಚಿಕೊಂಡಿತು. ಸಂಘದವರು ಶನಿವಾರ ಶನಿವಾರ ಗರಗಸ, ಮಚ್ಚು, ಕಳೆ ಕೊಚ್ಚುವ ಮಷೀನು ಹಿಡಿದು ಹೋಗಿ ಬಿಡಿಸುತ್ತಾರೆ. ಇವರಲ್ಲಿ ಹೆಚ್ಚಿನವರು ಓಟಗಾರರಲ್ಲ, ರಿಟೈರ್ ಆದ ರೈತರು, ಪೋಸ್ಟ್‌ಮನ್‌ಗಳು, ಮೇಷ್ಟ್ರುಗಳು. ಓಟ ಮುಗಿದ ಮೇಲೂ ದಾರಿ ಉಳಿಯುತ್ತದೆ, ವರ್ಷವಿಡೀ ಜನ ನಡೆಯುತ್ತಾರೆ. ಓಟಗಾರರು ದಾರಿ ಹಾಳು ಮಾಡುತ್ತಾರೆ ಅಂತ ಗೊಣಗುವವರನ್ನು ಕಂಡರೆ ನನಗೆ ಈ ಮಚ್ಚು ಹಿಡಿದವರ ನೆನಪಾಗುತ್ತದೆ. ದೂರಿನಲ್ಲಿ ಸ್ವಲ್ಪ ನಿಜ ಇದೆ, ಅದು ಬೇರೆ. ಮಳೆ ಬಂದ ಭಾನುವಾರ ಐನೂರು ಜೋಡಿ ಶೂ ಒಂದೇ ಇಳಿಜಾರಿನಲ್ಲಿ ಇಳಿದರೆ ಏನುಳಿಯುತ್ತೆ ಹೇಳಿ.

ದಾರಿ ಖಾಸಗಿ ಜಮೀನಿನಲ್ಲೂ ಹೋಗುತ್ತದೆ. ಅದಕ್ಕೆ ರೈತರ ಮನೆಗೆ ಹೋಗಿ ಕೇಳಬೇಕು. ಕಾಗದದಲ್ಲಿ ಕೇಳಿದರೆ ಆಗಲ್ಲ. ಅಡುಗೆಮನೆಯಲ್ಲಿ ಕೂರಬೇಕು, ಕೊಟ್ಟದ್ದು ಕುಡಿಯಬೇಕು, ಹಸುಗಳ ವಿಷಯ ಮಾತಾಡಬೇಕು. ಒಪ್ಪಿಗೆ ಆ ಒಂದು ದಿನಕ್ಕೆ ಮಾತ್ರ. ಓಟ ಶುರುವಾಗುವ ಮುಂಚೆ ಮೈಕಿನಲ್ಲಿ ಹೇಳುತ್ತಾರೆ: ಗೇಟು ಹೇಗಿತ್ತೋ ಹಾಗೆ ಬಿಡಿ, ನಾಳೆಯಿಂದ ಇಲ್ಲಿ ಬರಬೇಡಿ. ಕೆಲವು ಕಡೆ ಇನ್ನೊಂದು ಮಾತು ಸೇರಿಸುತ್ತಾರೆ, ಈ ದಾರಿಯನ್ನು ಓಟಗಾರರ ಸ್ಟ್ರಾವಾ ಆ್ಯಪಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ ಅಂತ. ಒಬ್ಬರು ಹಾಕಿದರೆ ಮುಂದಿನ ವಾರ ಇಪ್ಪತ್ತು ಜನ ಬರುತ್ತಾರೆ. ಮುಂದಿನ ವರ್ಷ ಆ ಗೇಟಿಗೆ ಬೀಗ ಬೀಳುತ್ತದೆ.

ಸೆಪ್ಟೆಂಬರಿನಿಂದ ಫೆಬ್ರವರಿವರೆಗೆ ಬೇಟೆಯ ಕಾಲ. ಭಾನುವಾರವೇ ಬೇಟೆಯ ದಿನ, ಭಾನುವಾರವೇ ಓಟದ ದಿನ. ಅದಕ್ಕೆ ಊರಿನ ಬೇಟೆಗಾರರ ಸಂಘದ ಜೊತೆ ಮೊದಲೇ ಮಾತಾಡಿ, ಆ ಬೆಳಿಗ್ಗೆ ಯಾವ ಗುಡ್ಡದಲ್ಲಿ ಕಾಡುಹಂದಿ ಹಿಂದೆ ಹೋಗಬಾರದು ಅಂತ ಗೊತ್ತು ಮಾಡಿಕೊಳ್ಳುತ್ತಾರೆ. ಪೇಟೆಯವರಿಗೂ ಬೇಟೆಗಾರರಿಗೂ ಫ್ರಾನ್ಸಿನಲ್ಲಿ ಆಗಿಬರುವುದಿಲ್ಲ. ಆದರೆ ಹಳ್ಳಿಯಲ್ಲಿ ಬಹಳ ಸಲ ಬೇಟೆಗಾರನೇ ಅವತ್ತು ಕಿತ್ತಳೆ ಜಾಕೆಟ್ ಹಾಕಿಕೊಂಡು ಕವಲಿನಲ್ಲಿ ನಿಂತು ದಾರಿ ತೋರಿಸುತ್ತಿರುತ್ತಾನೆ.

ಕವಲಿನಲ್ಲಿ ನಿಲ್ಲುವ ಇವರೇ ಸಿನ್ಯಾಲರ್‌ಗಳು. ಇವರಿಲ್ಲದೆ ಓಟ ಇಲ್ಲ. ರಸ್ತೆ ದಾಟುವ ಕಡೆಯೆಲ್ಲ ಒಬ್ಬೊಬ್ಬರು ಬೇಕು. ಹದಿನೆಂಟು ತುಂಬಿರಬೇಕು, ಡ್ರೈವಿಂಗ್ ಲೈಸೆನ್ಸ್ ಇರಬೇಕು, ಹೊಳೆಯುವ ಜಾಕೆಟ್ ಹಾಕಿರಬೇಕು. ಕೈಯಲ್ಲಿ ಒಂದು ಕಡೆ ಕೆಂಪು, ಇನ್ನೊಂದು ಕಡೆ ಹಸಿರು ಇರುವ ಗುಂಡು ಹಲಗೆ. ಅವರ ಹೆಸರಿನ ಪಟ್ಟಿ ಸರ್ಕಾರಕ್ಕೆ ಮೊದಲೇ ಹೋಗಬೇಕು. ಹತ್ತು ಕಿಲೋಮೀಟರಿನ ಒಂದು ಸಣ್ಣ ಓಟಕ್ಕೂ ಇಂಥವರು ಮೂವತ್ತು ನಲವತ್ತು ಮಂದಿ ಬೇಕಾಗಬಹುದು. ಇನ್ನೂರು ಜನರ ಊರಲ್ಲಿ ಅಷ್ಟು ಮಂದಿಯನ್ನು ಒಟ್ಟು ಮಾಡುವುದು ಹುಡುಗಾಟವಲ್ಲ. ಗಂಡ, ಹೆಂಡತಿ, ಭಾವ, ಪಕ್ಕದ ಊರಿನ ಚಿಕ್ಕಪ್ಪ ಎಲ್ಲರಿಗೂ ಫೋನು.

ಅವರು ಮಡಚುವ ಕುರ್ಚಿ ತರುತ್ತಾರೆ. ಫ್ಲಾಸ್ಕಿನಲ್ಲಿ ಕಾಫಿ, ಪಕ್ಕದಲ್ಲಿ ನಾಯಿ. ನಾಲ್ಕು ಗಂಟೆ ಹೊತ್ತು ಅಲ್ಲೇ. ಮುಂದಿನವರು ಬಂದಾಗ ಹೇಗೆ ಚಪ್ಪಾಳೆ ತಟ್ಟಿದರೋ, ಒಂದೂವರೆ ಗಂಟೆ ಬಿಟ್ಟು ಬಂದ ನನಗೂ ಹಾಗೇ ತಟ್ಟುತ್ತಾರೆ. "ಅಲೇ, ಅಲೇ, ಇನ್ನೇನು ಮುಗೀತು!" ಇನ್ನೂ ಆರು ಕಿಲೋಮೀಟರ್ ಇರುತ್ತದೆ. ಈ ಒಂದು ಸುಳ್ಳನ್ನು ಅವೆರೋನ್‌ನ ಎಲ್ಲ ಕವಲುಗಳಲ್ಲೂ ಕೇಳಿದ್ದೇನೆ.

ಎಲ್ಲರಿಗಿಂತ ಹಿಂದೆ ಇಬ್ಬರು ಬರುತ್ತಾರೆ. ಕೊನೆಯ ಓಟಗಾರನ ಜೊತೆ ನಡೆಯುವುದು, ಕಟ್ಟಿದ ರಿಬ್ಬನ್ನುಗಳನ್ನು ಬಿಚ್ಚುತ್ತಾ ಬರುವುದು ಇವರ ಪಾಲು. ರಿಬ್ಬನ್ನಿನ ಕತೆ ಬೇರೆಯೇ ಇದೆ. ರಾತ್ರಿ ಯಾರೋ ಬಂದು ಕಿತ್ತುಹಾಕುತ್ತಾರೆ, ಸುಮ್ನೆ ತಮಾಷೆಗೋ ಸಿಟ್ಟಿಗೋ. ಅದಕ್ಕೆ ಬೆಳಕು ಹರಿಯುವ ಮುಂಚೆ ಯಾರಾದರೂ ಸೈಕಲ್ಲಿನಲ್ಲಿ ಇಡೀ ದಾರಿ ನೋಡಿಕೊಂಡು ಬರಬೇಕು. ಗಾಯವಾದರೆ ನೋಡಿಕೊಳ್ಳಲು ಅಗ್ನಿಶಾಮಕದವರು. ಅವರೂ ಸಂಬಳದವರಲ್ಲ ಬಹುಪಾಲು. ಫ್ರಾನ್ಸಿನ ಅಗ್ನಿಶಾಮಕ ದಳದಲ್ಲಿ ಹತ್ತರಲ್ಲಿ ಎಂಟು ಮಂದಿ ಸ್ವಯಂಸೇವಕರೇ.

ಬೆಳಗಿನ ಗಡಿಬಿಡಿ ಬಗ್ಗೆ ಹೇಳುವುದು ಹೆಚ್ಚಿಲ್ಲ. ಕ್ಯೂ, ನಾಲ್ಕು ಪಿನ್ನು, ಟಾಯ್ಲೆಟ್ಟಿಗೆ ಇನ್ನೊಂದು ಕ್ಯೂ. ಹಿಂದೆ ಡಾಕ್ಟರ ಸರ್ಟಿಫಿಕೇಟ್ ತೋರಿಸಬೇಕಿತ್ತು. ಹಳ್ಳಿ ಕಡೆ ಡಾಕ್ಟರೇ ಸಿಗದ ಕಾಲದಲ್ಲಿ ಆರೋಗ್ಯವಾಗಿರುವವರು ಒಂದು ಕಾಗದಕ್ಕಾಗಿ ಅವರ ಮುಂದೆ ಕೂರುವುದು ಎಂಥ ಚಂದ? 2024ರಿಂದ ಆನ್‌ಲೈನಿನಲ್ಲಿ ಎದೆನೋವು, ಬಿಸಿಲಿನ ಅಪಾಯ ಇಂಥದರ ಬಗ್ಗೆ ಸಣ್ಣ ವೀಡಿಯೋ ನೋಡಿ ಒಂದು ಕೋಡ್ ಪಡೆದರೆ ಸಾಕು.

ಊಟದ ವಿಷಯಕ್ಕೆ ಬರೋಣ. ದಾರಿಯ ಟೇಬಲ್ಲುಗಳಲ್ಲಿ ಕಿತ್ತಳೆ ಹೋಳು, ಬಾಳೆಹಣ್ಣು, ಸಕ್ಕರೆ ಗಟ್ಟಿ, ಒಣ ಜರದಾಳು, ಉಪ್ಪು ಬಿಸ್ಕತ್ತು. ಜೊತೆಗೆ ಚೀಸು, ಒಣಗಿಸಿದ ಮಾಂಸದ ಸಾಸೇಜು. ಲಾರ್ಜಾಕ್ ಕಡೆ ರೋಕ್‌ಫೋರ್ ಚೀಸನ್ನೇ ಇಟ್ಟಿರುತ್ತಾರೆ. ಓಡುವಾಗ ನೀಲಿ ಬೂಸ್ಟಿನ ಚೀಸು ತಿನ್ನಬಲ್ಲವರು ಇದ್ದಾರೆ, ನನ್ನ ಹೊಟ್ಟೆ ಅಷ್ಟು ಗಟ್ಟಿಯಲ್ಲ. ನಾನು ಮಾಂಸ ತಿನ್ನುವುದಿಲ್ಲ ಎಂದರೆ ಹಳ್ಳಿಯವರು ಮೊದಲು ಕನಿಕರಪಡುತ್ತಾರೆ, ಆಮೇಲೆ ಕೋಳಿ ತೋರಿಸುತ್ತಾರೆ. ಅವೆರೋನ್, ಲೋಜೇರ್‌ನಲ್ಲಿ ನನ್ನನ್ನು ಕಾಪಾಡಿದ್ದು ಅಲಿಗೋ. ಬೇಯಿಸಿ ನುರಿದ ಆಲೂಗಡ್ಡೆಗೆ ಎಳೇ ಚೀಸು, ಕೆನೆ, ಬೆಳ್ಳುಳ್ಳಿ ಹಾಕಿ ದೊಡ್ಡ ಹಂಡೆಯಲ್ಲಿ ತಿರುವುತ್ತಾರೆ. ಮರದ ಕೋಲು ಹಿಡಿದು ಇಬ್ಬರು ಸರದಿ ಮೇಲೆ ತೊಳಸುವುದನ್ನು ನೋಡಿದರೆ ಮದುವೆಮನೆಯಲ್ಲಿ ಮುದ್ದೆ ತಿರುವುವವರೇ ಇಲ್ಲಿ ಬಂದರೇನೋ ಅನ್ನಿಸುತ್ತದೆ, ತೋಳಿನ ಅದೇ ಪಟ್ಟು, ಮುಖದ ಮೇಲೆ ಅದೇ ಬೆವರು. ಎತ್ತಿದರೆ ಆಳೆತ್ತರ ಎಳೆ ಬರಬೇಕು. ಬರದಿದ್ದರೆ ಇನ್ನೂ ತಿರುವು. ಓಟದಲ್ಲಿ ಬಂದ ಹಸಿವಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಸಾಸೇಜ್ ಬೇಡ ಎಂದದ್ದಕ್ಕೆ ಎರಡು ಸೌಟು ಜಾಸ್ತಿ ಬೀಳುತ್ತದೆ.

ಬೋರ್ಡೋ ಬಳಿಯ ಮೆದೋಕ್ ಮ್ಯಾರಥಾನ್ ಬಗ್ಗೆ ನೀವು ಕೇಳಿರಬಹುದು. 1985ರಿಂದ ನಡೆಯುತ್ತಿದೆ, ಪೋಯಾಕ್‌ನಲ್ಲಿ. ವೇಷ ಹಾಕಿಕೊಂಡು ದ್ರಾಕ್ಷಿ ತೋಟಗಳ ನಡುವೆ ವೈನ್ ಕುಡಿಯುತ್ತಾ, ಸಿಂಪಿ ತಿನ್ನುತ್ತಾ ಆರೂವರೆ ಗಂಟೆಯಲ್ಲಿ ಮುಗಿಸುವುದು. ಚೆನ್ನಾಗಿಯೇ ಇರುತ್ತದಂತೆ. ನನಗೆ ಅದು ಜಗತ್ತಿಗೆ ತೋರಿಸಲು ಮಾಡಿದ ಫ್ರಾನ್ಸ್ ಥರ ಕಾಣುತ್ತದೆ.

ಬಹುಮಾನ ಹಂಚುವುದು ಮುಗಿಯದ ಕೆಲಸ. ಮೂವತ್ತೈದು ದಾಟಿದವರೆಲ್ಲ ಇಲ್ಲಿ ಮಾಸ್ಟರ್ಸ್. ಐದೈದು ವರ್ಷಕ್ಕೊಂದು ಗುಂಪು, ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಮೈಕ್ ಹಿಡಿದವನಿಗೆ ಎಲ್ಲರ ಜಾತಕ ಗೊತ್ತು. ಎಪ್ಪತ್ತು ದಾಟಿದ ಅಜ್ಜಿ ವೇದಿಕೆ ಹತ್ತಿದರೆ ಗೆದ್ದವನಿಗಿಂತ ಜೋರು ಚಪ್ಪಾಳೆ. ನಾನೂ ಒಮ್ಮೆ ನನ್ನ ಗುಂಪಿನಲ್ಲಿ ಮೂರನೆಯವನಾದೆ. ಗುಂಪಿನಲ್ಲಿ ಇದ್ದದ್ದೇ ಮೂವರು. ಒಂದು ಬುಟ್ಟಿ ಕೊಟ್ಟರು, ಜೇನುತುಪ್ಪ, ಗಾಯಾಕ್ ವೈನು, ಬಾತುಕೋಳಿಯ ಡಬ್ಬಿ. ಡಬ್ಬಿ ಪಕ್ಕದ ಮನೆಗೆ ಹೋಯಿತು.

ಜೋಯೆಲೆತ್ ತಂಡಗಳನ್ನು ನೋಡಿದ್ದೂ ಈ ಓಟಗಳಲ್ಲೇ. ಒಂದೇ ಚಕ್ರದ ಕುರ್ಚಿ, ಮುಂದೆ ಹಿಂದೆ ಹಿಡಿಕೆ. ನಡೆಯಲಾಗದವರನ್ನು ಕೂರಿಸಿಕೊಂಡು ಓಟಗಾರರು ಸರದಿಯ ಮೇಲೆ ಎಳೆಯುತ್ತಾರೆ. ಜೋಯೆಲ್ ಕ್ಲೋಡೆಲ್ ಎಂಬ ಬೆಟ್ಟದ ಗೈಡ್, ಸ್ನಾಯು ರೋಗವಿದ್ದ ತನ್ನ ಒಡಹುಟ್ಟಿದವರ ಮಗನಿಗಾಗಿ 1987ರಲ್ಲಿ ಮಾಡಿದ್ದು ಅದು. ಕಿರಿದಾದ ಕಲ್ಲುದಾರಿಯಲ್ಲಿ ಅವರು ಇಳಿಯುವುದನ್ನು ನೋಡಬೇಕು. ಕೂತವರು ಎಳೆಯುವವರಿಗೆ ಬೈಯುತ್ತಿರುತ್ತಾರೆ, ಇನ್ನೂ ಜೋರಾಗಿ ಹೋಗಿ ಅಂತ.

ಇದೆಲ್ಲ ಎಷ್ಟು ದಿನ ನಡೆಯುತ್ತದೋ. ಯುಟಿಎಂಬಿಯವರು 2021ರಲ್ಲಿ ಟ್ರಯಥ್ಲಾನ್ ನಡೆಸುವ ಐರನ್‌ಮ್ಯಾನ್ ಕಂಪನಿ ಜೊತೆ ಸೇರಿಕೊಂಡು ದೇಶದೇಶಗಳಲ್ಲಿ ಓಟಗಳ ಸರಣಿ ಕಟ್ಟಿದರು. ಶಾಮೊನಿಗೆ ಹೋಗಬೇಕಾದರೆ ಆ ಸರಣಿಯ ಓಟಗಳನ್ನೇ ಓಡಿ ಅಂಕ ಕೂಡಿಸಬೇಕು. ಹಳ್ಳಿ ಓಟ ಓಡಿದರೆ ಅಂಕ ಇಲ್ಲ. ಇದರಿಂದ ಹಳ್ಳಿ ಓಟ ಸಾಯುತ್ತದೆ ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅಂಕ ಹುಡುಕುವವರು ಬೇರೆ, ಅಲಿಗೋಗೆ ಬರುವವರು ಬೇರೆ.

ಸಾಯಿಸುವುದು ವಯಸ್ಸು. ತಾರ್ನ್‌ನ ಒಂದು ಊರಿನ ಓಟ ನಾನು ನೋಡನೋಡುತ್ತಾ ನಿಂತುಹೋಯಿತು. ಓಟಗಾರರು ಕಡಿಮೆಯಾಗಿರಲಿಲ್ಲ, ಇನ್ನೂ ಹೆಚ್ಚುತ್ತಿದ್ದರು. ಅಧ್ಯಕ್ಷರಿಗೆ ಮೊಣಕಾಲು ಆಪರೇಷನ್ ಆಯಿತು. ಖಜಾಂಚಿ ಮಗಳ ಊರಿಗೆ ಹೋದರು. ಜನವರಿಯ ಸಭೆಯಲ್ಲಿ ಆ ಜಾಗಕ್ಕೆ ಯಾರೂ ಕೈ ಎತ್ತಲಿಲ್ಲ. ಮೊದಲಾದರೆ ಊರಿನ ಮೇಯರಿಗೆ ಒಂದು ಮಾತು ಹೇಳಿದರೆ ಸಾಕಿತ್ತು ಅಂತ ಹಳಬರು ಹೇಳುತ್ತಾರೆ. ಈಗ ಅರ್ಜಿ, ಇನ್ಶೂರೆನ್ಸ್, ನಕ್ಷೆ, ಆಂಬುಲೆನ್ಸ್ ದಾರಿ, ರಕ್ಷಿತ ಕಾಡಾದರೆ ಹಕ್ಕಿಪಕ್ಷಿಗಳಿಗೆ ಏನಾಗುತ್ತೆ ಅನ್ನುವ ವರದಿ. ಒಂದೊಂದೂ ಬೇಕಾದದ್ದೇ. ಎಲ್ಲ ಸೇರಿದರೆ ಎಪ್ಪತ್ತರ ಮುದುಕನೊಬ್ಬ ಕಂಪ್ಯೂಟರ್ ಮುಂದೆ ಕಳೆಯುವ ಎಷ್ಟೋ ಸಂಜೆಗಳಾಗುತ್ತವೆ. ಅದರ ಮೇಲೆ ನಮ್ಮ ಓಟಗಾರರ ಬೇಡಿಕೆ: ಚಿಪ್ ಟೈಮಿಂಗ್ ಬೇಕು, ಮೆಡಲ್ ಬೇಕು, ಟೀ ಶರ್ಟಿನ ಸೈಜ್ ಸರಿ ಇರಬೇಕು. ಮೆಡಲ್ ನಿಲ್ಲಿಸಿ ಅಂತ ನಾನು ಸಿಕ್ಕ ಸಿಕ್ಕವರಿಗೆ ಹೇಳುತ್ತೇನೆ. ಟೈಮಿಂಗ್ ನಿಲ್ಲಿಸಿ ಅಂತ ಹೇಳುವ ಧೈರ್ಯ ಇಲ್ಲ, ಸಂಜೆ ಮನೆಗೆ ಬಂದ ತಕ್ಷಣ ಮೊದಲು ನೋಡುವುದು ಅದನ್ನೇ.

ಕೆಲವು ಸಂಘಗಳು ಈಗ ಒಂದು ಉಪಾಯ ಮಾಡಿವೆ. ಪಕ್ಕಪಕ್ಕದ ಊರಿನವರು ಮಾತಾಡಿಕೊಂಡು, ನಿಮ್ಮ ಓಟಕ್ಕೆ ನಮ್ಮವರು ನಿಲ್ಲುತ್ತಾರೆ, ನಮ್ಮದಕ್ಕೆ ನೀವು ಬನ್ನಿ ಅಂತ. ತುಲೂಸ್‌ನ ಓಟದ ಗುಂಪುಗಳಿಗೂ ಕೇಳಲು ಶುರು ಮಾಡಿದ್ದಾರೆ. ವರ್ಷವಿಡೀ ಓಡಿ, ಒಂದು ಭಾನುವಾರ ನಿಲ್ಲಿ. ನಮ್ಮ ಗುಂಪಿನಲ್ಲಿ ಮೊದಲು ಎಲ್ಲರೂ ನೆಲ ನೋಡಿದರು. ನನಗೆ ತಪ್ಪಿಸಿಕೊಳ್ಳಲು ಒಂದು ನೆಪ ಇತ್ತು, ಇಲ್ಲಿನ ಲೈಸೆನ್ಸ್ ಇರಲಿಲ್ಲ. ಈಗ ಪರೀಕ್ಷೆ ಬರೆದು ಅದೂ ಕೈಗೆ ಬಂದಿದೆ. ಈ ಸೆಪ್ಟೆಂಬರಿನ ಒಂದು ಓಟದ ಪಟ್ಟಿಗೆ ಹೆಸರು, ಲೈಸೆನ್ಸ್ ನಂಬರ್ ಕೊಟ್ಟಿದ್ದೇನೆ. ಯಾವ ಕವಲು ಅಂತ ಇನ್ನೂ ಹೇಳಿಲ್ಲ. ಬೆಳಿಗ್ಗೆ ಏಳಕ್ಕೆ ಬರಬೇಕಂತೆ, ಕುರ್ಚಿ ನಾವೇ ತರಬೇಕಂತೆ.